ತಲೆಬರಹವೂ ಹಣೆಬರಹವೂ

ಹಣೆಬರಹ ಯಾರ ಕಣ್ಣಿಗೂ ಕಾಣುವುದಿಲ್ಲ, ಆದರೂ ನಡೆದೇ ತೀರುತ್ತದೆ ಎಂದು ಹಿರಿಯರು ಹೇಳುವುದುಂಟು. ಪತ್ರಿಕೆಯ ತಲೆಬರಹದ ರೀತಿ ಬೇರೆ. ಅದು ದಪ್ಪಕ್ಷರದಲ್ಲಿ ಎಲ್ಲರ ಕಣ್ಣಿಗೂ ರಾಚುತ್ತದೆ. ನಡೆಯುವುದು ಬಿಡುವುದು ಮಾತ್ರ ಅದರ ಕೈಯಲ್ಲಿಲ್ಲ. ತಮ್ಮ ಮನೆಯಲ್ಲಿ ಹಳೆಯ ಪತ್ರಿಕೆಗಳ ಕಟ್ಟೊಂದಿದ್ದರೆ, ರದ್ದಿಯವನ ತಕ್ಕಡಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಅಂದು ಊರಿನ ನಿದ್ದೆ ಕೆಡಿಸಿದ ಸುದ್ದಿ ಇಂದು ಬೀರುವಿನ ಹಲಗೆಗೆ ಹಾಸಾಗಿ ಎಷ್ಟು ಸಾಧುವಾಗಿ ಮಲಗಿದೆ!

ತಲೆಬರಹದ ಚಟ ಅಚ್ಚಿನ ಯಂತ್ರದೊಡನೆ ಬಂದದ್ದೇನೂ ಅಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಟದ್ದು 1843ರಲ್ಲಿ. ಅದಕ್ಕೆ ಏಳು ನೂರು ವರ್ಷಗಳಿಗೂ ಮೊದಲೇ, ಬೇಲೂರಿನ ಚೆನ್ನಕೇಶವನನ್ನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ವಿಷ್ಣುವರ್ಧನ, ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿಯನ್ನು ತನ್ನ ಚಿನ್ನದ ನಾಣ್ಯದ ಮೇಲೆಯೇ ಅಚ್ಚು ಹಾಕಿಸಿದ: ‘ಶ್ರೀ ತಲಕಾಡುಗೊಂಡ’. ಎರಡೇ ಮಾತು, ಕೆಳಗಿನ ವಿವರ ಓದುವ ಕಷ್ಟವಿಲ್ಲ. ಚೋಳರ ಕಡೆಯ ವರ್ತಕನೊಬ್ಬ ದ್ವಾರಸಮುದ್ರದ ಸಂತೆಗೆ ಮೆಣಸು ಮಾರಲು ಬಂದನೆಂದು ಇಟ್ಟುಕೊಳ್ಳಿ. ಸರಕು ಮಾರಿದಷ್ಟೂ ತನ್ನ ದೊರೆಯ ಸೋಲೇ ಅಂಗೈಗೆ ಬಂದು ಬೀಳುತ್ತದೆ. ಈ ಪತ್ರಿಕೆ ನನಗೆ ಬೇಡ ಎನ್ನಲು ಯಾವ ವರ್ತಕನಿಗೆ ಮನಸ್ಸು ಬಂದೀತು?

ಆಮೇಲಿನ ತಲೆಬರಹಗಳಿಗೆ ಗೆದ್ದ ಸುದ್ದಿಗಿಂತ ಸಾಯುವ ಸುದ್ದಿಯೇ ಹೆಚ್ಚು ಪ್ರಿಯವಾಯಿತು. 1910ರ ಮೇ ತಿಂಗಳಲ್ಲಿ ಭೂಮಿ ಹ್ಯಾಲಿ ಧೂಮಕೇತುವಿನ ಬಾಲದೊಳಗೆ ಹಾದುಹೋಗುವುದೆಂದೂ, ಆ ಬಾಲದಲ್ಲಿ ವಿಷಾನಿಲವಿದೆಯೆಂದೂ ದೊಡ್ಡ ದೊಡ್ಡ ಪತ್ರಿಕೆಗಳು ಬರೆದವು. ಅಮೆರಿಕದಲ್ಲಿ ಧೂಮಕೇತುವಿನ ಮಾತ್ರೆಗಳನ್ನೇ ಮಾರಿದರು. ಬಾಲ ಹೋಯಿತು, ಭೂಮಿ ಉಳಿಯಿತು, ಮಾತ್ರೆ ನುಂಗಿದವರೂ ಉಳಿದರು. ಔಷಧಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿಪತ್ರ ಬೇಕೆ?

ನಮ್ಮ ನಾಡಿನ ದೊಡ್ಡ ಪ್ರಳಯವೆಂದರೆ 1962ರ ಅಷ್ಟಗ್ರಹಕೂಟ. ಫೆಬ್ರವರಿ 3ರಿಂದ 5ರವರೆಗೆ ರವಿ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ, ಇವರೊಡನೆ ಕೇತುವೂ ಸೇರಿ ಮಕರ ರಾಶಿಯಲ್ಲಿ ಕೂಟ. ದೇಶದ ತುಂಬ ಹೋಮ, ಜಪ, ಶಾಂತಿ. ಆಗಿನ ಅರಸೀಕೆರೆಯನ್ನು ತಾವು ಕಲ್ಪಿಸಿಕೊಳ್ಳಿ: ಮೂರು ಕಡೆಯ ರೈಲು ಕೂಡುವ ಜಂಕ್ಷನ್ನು, ಕೊಬ್ಬರಿಯ ಮಂಡಿ. ರೈಲಿಳಿದ ಪತ್ರಿಕೆಯನ್ನು ಮಂಡಿಯ ಸಾಹುಕಾರರು ಓದುತ್ತಾರೆ. ‘ಮೂರನೆಯ ತಾರೀಖಿನೊಳಗೆ ಬಾಕಿ ತೀರಿಸಿಬಿಡಪ್ಪ, ಆಮೇಲೆ ಯಾರಿಗೆ ಯಾರೋ’ ಎಂದು ಅವರು. ‘ಆರನೆಯ ತಾರೀಖು ಬರಲಿ ಸ್ವಾಮಿ, ಬಡ್ಡಿ ಸಮೇತ ಕೊಡುತ್ತೇನೆ’ ಎಂದು ಸಾಲಗಾರ. ಇಬ್ಬರೂ ಪತ್ರಿಕೆಯನ್ನು ನಂಬಿದವರೇ! ಇತ್ತ ಅಷ್ಟೂ ಹೋಮಗಳಿಗೆ ತೆಂಗಿನಕಾಯಿ ಬೇಕಲ್ಲ. ಲೋಕ ಮುಳುಗುವ ಮುನ್ನ ಒಂದು ಒಳ್ಳೆಯ ವ್ಯಾಪಾರವೂ ಆಗಿಹೋಗಲಿ ಎಂದು ಸಾಹುಕಾರರಿಗೆ ಅನ್ನಿಸಿದ್ದರೆ ತಪ್ಪೇನು?

ಆರನೆಯ ತಾರೀಖು ಸೂರ್ಯ ಎಂದಿನಂತೆ ಹುಟ್ಟಿದ. ಹತ್ತೊಂಬತ್ತರಿಂದ ಮಹಾಚುನಾವಣೆಯ ಮತದಾನ. ಇಪ್ಪತ್ತರಂದು ಜಾನ್ ಗ್ಲೆನ್ ಎಂಬಾತ ಈ ಮುಳುಗಬೇಕಾಗಿದ್ದ ಭೂಮಿಯನ್ನು ಮೂರು ಸುತ್ತು ಸುತ್ತಿ ಇಳಿದ. ಕೂಟದ ಭಯಕ್ಕೆ ಬರ್ಮಾದ ಪ್ರಧಾನಿ ಊ ನು ಪಶುಪಕ್ಷಿಗಳನ್ನು ಬಂಧನದಿಂದ ಬಿಡಿಸಿದ್ದರು. ಮಾರ್ಚ್ 2ರಂದು ಸೇನೆಯವರು ಅವರನ್ನೇ ಸೆರೆಹಿಡಿದರು. ಹಕ್ಕಿಗಳು ಹೊರಗೆ, ಪ್ರಧಾನಿ ಒಳಗೆ. ನಮಗಾದರೋ ನಿಜವಾದ ಆಪತ್ತು ಬಂದದ್ದು ಅಕ್ಟೋಬರ್ 20ರಂದು, ಹಿಮಾಲಯದ ಗಡಿಯಲ್ಲಿ. ಹೆದರಿಕೆಯನ್ನೆಲ್ಲ ಫೆಬ್ರವರಿಯಲ್ಲೇ ಖರ್ಚು ಮಾಡಿ ಕುಳಿತಿದ್ದೆವು.

1979ರಲ್ಲಿ ಸ್ಕೈಲ್ಯಾಬ್. ಎಪ್ಪತ್ತು ಟನ್ನಿಗೂ ಮೀರಿದ ಅಮೆರಿಕದ ಆಕಾಶನೌಕೆ ಯಾರ ತಲೆಯ ಮೇಲೆ ಬೀಳುವುದೋ ಎಂಬ ಚಿಂತೆ. ಅದರ ಒಂದು ಚೂರು ಹಳೇಬೀಡಿನ ಹೊಯ್ಸಳೇಶ್ವರನ ಅಂಗಳದಲ್ಲಿ ಬಿದ್ದಿದ್ದರೆ ಏನಾಗುತ್ತಿತ್ತು? ಗೈಡುಗಳು ಅದನ್ನೂ ಜಕಣಾಚಾರಿಯ ಕೈಚಳಕವೆಂದು ತೋರಿಸುತ್ತಿದ್ದರೆಂದು ನನ್ನ ಅನುಮಾನ. ಜುಲೈ 11ರ ರಾತ್ರಿ ಅದು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಕ್ಕೂ ಉದುರಿತು. ಅಲ್ಲಿನ ಎಸ್ಪರೆನ್ಸ್ ಎಂಬ ಊರಿನವರು ಕಸ ಚೆಲ್ಲಿದ್ದಕ್ಕಾಗಿ ಅಮೆರಿಕಕ್ಕೆ 400 ಡಾಲರು ದಂಡ ಹಾಕಿದರು! ಆ ದಂಡವನ್ನು ಮೂವತ್ತು ವರ್ಷಗಳ ಮೇಲೆ ಕಟ್ಟಿದವನು ಒಬ್ಬ ರೇಡಿಯೋ ನಿರೂಪಕ, ತನ್ನ ಕೇಳುಗರಿಂದ ಹಣ ಕೂಡಿಸಿ. ಬೇಲೂರಿನ ದರ್ಪಣಸುಂದರಿಯಂತೂ ಕನ್ನಡಿಯಿಂದ ಕಣ್ಣೆತ್ತಿ ಆಕಾಶವನ್ನು ನೋಡಲಿಲ್ಲ. ಮೂರೇ ವರ್ಷದಲ್ಲಿ, 1982ರಲ್ಲಿ, ಪಕ್ಕದ ಹಾಸನದಲ್ಲಿಯೇ ಇನ್‌ಸ್ಯಾಟ್ ಉಪಗ್ರಹಗಳ ನಿಯಂತ್ರಣ ಕೇಂದ್ರ ಕೆಲಸಕ್ಕೆ ತೊಡಗಿತು. ಮೇಲಿನಿಂದ ಬೀಳುವುದಕ್ಕೆ ಹೆದರಿದ ಜಿಲ್ಲೆಗೇ ಮೇಲಿನದನ್ನು ಕಾಯುವ ಕೆಲಸ.

ಇಷ್ಟೆಲ್ಲ ನಕ್ಕ ಮೇಲೆ, ಇದೇ ಹಳೇಬೀಡಿನಲ್ಲಿ ತಲೆಬರಹವೊಂದು ನಿಜವಾಗಿ ಬೇಕಾಗಿದ್ದ ದಿನವನ್ನೂ ನೆನೆಯಬೇಕು. 1311ರ ಫೆಬ್ರವರಿ. ಮುಮ್ಮಡಿ ಬಲ್ಲಾಳ ಪಾಂಡ್ಯ ಸೋದರರ ಜಗಳದಲ್ಲಿ ಕೈಯಾಡಿಸಲು ದಕ್ಷಿಣಕ್ಕೆ ಹೋಗಿದ್ದ. ಮಲಿಕ್ ಕಾಫರನ ದಂಡು ದೇವಗಿರಿಯನ್ನು ದಾಟಿ ದ್ವಾರಸಮುದ್ರದತ್ತ ನಡೆದಿತ್ತು. ಅರಸ ಓಡೋಡಿ ಬಂದ, ಕಾಲ ಮಿಂಚಿತ್ತು. ಭಂಡಾರ ಹೋಯಿತು, ಆನೆ ಕುದುರೆಗಳು ಹೋದವು, ಮಗ ವಿರೂಪಾಕ್ಷನೂ ದೆಹಲಿಗೆ ಹೋಗಬೇಕಾಯಿತು. ಎರಡು ವರ್ಷದ ತರುವಾಯ, 1313ರಲ್ಲಿ, ಆ ಹುಡುಗ ಮರಳಿ ಊರು ಹೊಕ್ಕ. ಆ ಸಂತೋಷಕ್ಕೆ ದೇವರಿಗೆ ದತ್ತಿ ಬಿಟ್ಟು, ಅವನು ಬಂದ ಸುದ್ದಿಯನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ.