ಗಂಡನ ಹೆಸರಿನಲ್ಲೇ ಗಂಡನಿಗೆ ಬುದ್ಧಿಮಾತು

12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿಯ ಊರು ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಮ್ಮೆ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮರಳಿ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬುದು ಐತಿಹ್ಯ.

ಆ ಸಂದರ್ಭದ್ದೆನ್ನಲಾಗುವ ವಚನದ ರಚನೆ ಗಮನಾರ್ಹ. ಆಸೆ ಅರಸರಿಗೆ ತಕ್ಕದ್ದೇ ಹೊರತು ಭಕ್ತರಿಗಲ್ಲ ಎಂಬ ಮಾತು ಮೊದಲು ಪ್ರಶ್ನೆಯಾಗಿ ಬರುತ್ತದೆ. ಅದೇ ಅಚ್ಚಿನದು ಎರಡನೆಯ ಪ್ರಶ್ನೆ. ಮೂರನೆಯದು ನೇರ ಗಂಡನಿಗೆ. ಅಕ್ಕಿ ಆಯುವ ಬಡವ ಅರಸನ ಸಾಲಿಗೆ ಸೇರಿಬಿಡುತ್ತಾನೆ, ವ್ಯಂಗ್ಯ ಇಲ್ಲಿದೆ.

ಆದರೆ ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನಿಗೆ ಪ್ರಿಯನಾದ ದೇವರನ್ನೇ ಸಾಕ್ಷಿಗೆ ಕರೆದು, ಗಂಡನ ಹೆಸರು ಹಿಡಿದು ಕರೆದು ಅವಳು ಮಾತು ಮುಗಿಸುತ್ತಾಳೆ. ಗದರಿಕೆಯ ಕೊನೆಗೆ ಮರುಕ ಉಳಿಯುವುದು ಇದರಿಂದಲೇ. ಮಾರಯ್ಯ ತಪ್ಪಿದ್ದಾನೆ, ಪರಕೀಯನಾಗಿಲ್ಲ.