ಬೀದಿಯಲ್ಲೇ ಕುಳಿತು ನಗರವನ್ನು ಬರೆಯುವ ಕಲೆ: ಅಭ್ಯಾಸಿಗಳಿಗೊಂದು ಕೈಪಿಡಿ

ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್ ತಿಂಗಳಲ್ಲಿ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. ನಾಲ್ಕು ವರ್ಷಗಳ ಬಳಿಕ, 2016ರ ಆಗಸ್ಟ್‌ನಲ್ಲಿ, ಸಮೀಪದಲ್ಲೇ ಇರುವ ದೇವರಾಜ ಮಾರುಕಟ್ಟೆಯ ಹೆಬ್ಬಾಗಿಲೊಂದರ ಭಾಗವೂ ನೆಲಕ್ಕುರುಳಿತು. ಹಳೆಯ ಪುಸ್ತಕದಂಗಡಿಗಳ ಸಾಲು, ಹೂವಿನ ರಾಶಿ, ಕುಂಕುಮದ ಗೋಪುರಗಳು ಎಂದೆಂದಿಗೂ ಇದ್ದೇ ಇರುತ್ತವೆ ಎಂಬ ನಂಬಿಕೆಯಲ್ಲಿದ್ದ ನಗರಕ್ಕೆ ಅವು ಎಚ್ಚರಿಕೆಯ ಗಂಟೆಗಳಾಗಿದ್ದವು.

ಸ್ಥಳದಲ್ಲೇ ಕುಳಿತು ಚಿತ್ರ ಬರೆಯುವ ಹವ್ಯಾಸಕ್ಕೆ ಈ ಹಿನ್ನೆಲೆಯಲ್ಲಿ ವಿಶೇಷ ಮಹತ್ವವಿದೆ. ಛಾಯಾಚಿತ್ರ ಕ್ಷಣಾರ್ಧದ ದಾಖಲೆ. ಒಂದು ಗಂಟೆ ಕಾಲ ಕಣ್ಣೆದುರಿನ ಕಟ್ಟಡವನ್ನೇ ನೋಡುತ್ತ ಬರೆದ ರೇಖಾಚಿತ್ರದಲ್ಲಾದರೋ ಆ ಬೀದಿಯ ಬದುಕು, ಬರೆದವನ ಗಮನ, ಆ ಹೊತ್ತಿನ ಬೆಳಕು ಮೂರೂ ಬೆರೆತಿರುತ್ತವೆ. ಈ ಕೌಶಲ ಹುಟ್ಟಿನಿಂದ ಬರಬೇಕೆಂದೇನೂ ಇಲ್ಲ. ಹೆಚ್ಚಿನ ತಪ್ಪುಗಳು ಘಟಿಸುವುದು ಕೈಯಿಂದಲ್ಲ, ಅವಸರದ ನೋಟದಿಂದ. ಆದ್ದರಿಂದ ಸುಧಾರಣೆಯೂ ನೋಟದಿಂದಲೇ ಆರಂಭವಾಗಬೇಕು.

ಹಳೆಯ ಪರಂಪರೆ, ಹೊಸ ಹೆಸರು

ಮೂರನೆಯ ಮೈಸೂರು ಯುದ್ಧದ ಕಾಲದಲ್ಲಿ ಕಾರ್ನ್‌ವಾಲಿಸನ ಸೇನೆಯೊಂದಿಗೆ ಬಂದಿದ್ದ ಬ್ರಿಟಿಷ್ ಕಲಾವಿದ ರಾಬರ್ಟ್ ಹೋಮ್ ಬೆಂಗಳೂರಿನ ಕೋಟೆ, ಸಾವನದುರ್ಗ, ಶ್ರೀರಂಗಪಟ್ಟಣ ಮೊದಲಾದ ತಾಣಗಳನ್ನು ಚಿತ್ರಿಸಿದ. ಆ ಚಿತ್ರಗಳ ಸಂಪುಟ 1794ರಲ್ಲಿ ಪ್ರಕಟವಾಯಿತು. ಬೆಂಗಳೂರು ಕೋಟೆಯ ಬಹುಪಾಲು ಗೋಡೆಗಳು ಇಂದು ಇಲ್ಲ. ಕೃಷ್ಣರಾಜ ಮಾರುಕಟ್ಟೆಯ ಬಳಿ ದೆಹಲಿ ದ್ವಾರದ ಭಾಗ ಮಾತ್ರ ಉಳಿದಿದೆ. ಅಳಿದ ಕೋಟೆಯ ರೂಪವನ್ನು ಊಹಿಸಿಕೊಳ್ಳಲು ಅಂತಹ ಚಿತ್ರಗಳೇ ನೆರವಾಗುತ್ತವೆ.

ಮೈಸೂರಿನಲ್ಲಿ 1921ರಲ್ಲಿ ಜನಿಸಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್, ಅಣ್ಣ ಆರ್.ಕೆ. ನಾರಾಯಣ್ ಅವರ ಕರ್ನಾಟಕ ಪ್ರವಾಸ ಕಥನ ‘ದಿ ಎಮರಾಲ್ಡ್ ರೂಟ್’ಗೆ ರೇಖಾಚಿತ್ರಗಳನ್ನು ರಚಿಸಿದರು. ಉಡುಪಿ ಸಮೀಪದ ಕಟ್ಟಿಂಗೇರಿಯವರಾದ ಕೆ.ಕೆ. ಹೆಬ್ಬಾರರಂತೂ ಕೆಲವೇ ಗೆರೆಗಳಲ್ಲಿ ಚಲನೆಯನ್ನು ಹಿಡಿದಿಡುವುದರಲ್ಲಿ ಸಿದ್ಧಹಸ್ತರು.

ಜಗತ್ತಿನಾದ್ಯಂತ ಇರುವ ಇಂತಹ ಹವ್ಯಾಸಿಗಳನ್ನು ಒಂದೆಡೆ ತಂದವರು ಅಮೆರಿಕದ ಸಿಯಾಟಲ್ ನಗರದ ಪತ್ರಕರ್ತ-ಚಿತ್ರಕಾರ ಗೇಬ್ರಿಯಲ್ ಕ್ಯಾಂಪನಾರಿಯೊ. 2007ರಲ್ಲಿ ಅವರು ಆರಂಭಿಸಿದ ‘ಅರ್ಬನ್ ಸ್ಕೆಚರ್ಸ್’ ಬಳಗದ ಮೂಲ ನಿಯಮ ಸರಳ: ಒಳಾಂಗಣವಿರಲಿ, ಹೊರಾಂಗಣವಿರಲಿ, ಸ್ಥಳದಲ್ಲಿದ್ದು ಕಂಡದ್ದನ್ನೇ ಬರೆಯಬೇಕು, ಕಂಡದ್ದಕ್ಕೆ ನಿಷ್ಠರಾಗಿರಬೇಕು.

ಸಾಮಗ್ರಿ ಕಡಿಮೆಯಿದ್ದಷ್ಟೂ ಒಳಿತು

ಕೈಚೀಲದಲ್ಲಿ ಹಿಡಿಸುವಷ್ಟು ಮಾತ್ರ ಒಯ್ಯುವುದು ಜಾಣತನ. ಆರಂಭಿಕರಿಗೆ ಇಷ್ಟು ಸಾಕು:

- ಎ5 ಅಳತೆಯ, ಗಟ್ಟಿ ರಟ್ಟಿನ ಚಿತ್ರಪುಸ್ತಕ. ಬರಿಯ ಗೆರೆಗಳಿಗೆ 100ರಿಂದ 150 ಜಿಎಸ್‌ಎಂ ಕಾಗದ ಸಾಲುತ್ತದೆ. ಜಲವರ್ಣ ಬಳಸುವುದಾದರೆ 200 ಜಿಎಸ್‌ಎಂಗಿಂತ ದಪ್ಪನೆಯ ಕಾಗದ ಬೇಕು. ಇಲ್ಲವಾದರೆ ಹಾಳೆ ಸುಕ್ಕುಗಟ್ಟುತ್ತದೆ.
- ಒಂದು 2ಬಿ ಪೆನ್ಸಿಲ್ ಮತ್ತು ನೀರಿಗೆ ಕರಗದ ಮಸಿಯ ಒಂದು ಪೆನ್ನು. ಸಾಮಾನ್ಯ ಪೆನ್ನಿನ ಮಸಿ ಬಣ್ಣ ತಗುಲಿದೊಡನೆ ಹರಡಿಕೊಳ್ಳುವುದುಂಟು. ಮನೆಯಲ್ಲೇ ಒಮ್ಮೆ ಗೆರೆಯೆಳೆದು, ಒಣಗಿಸಿ, ಒದ್ದೆ ಕುಂಚ ಆಡಿಸಿ ಪರೀಕ್ಷಿಸಿಕೊಳ್ಳಬೇಕು.
- ಆರರಿಂದ ಎಂಟು ಬಣ್ಣಗಳ ಪುಟ್ಟ ಪೆಟ್ಟಿಗೆ, ಒಂದು ಕುಂಚ, ಒಂದು ಚಿಂದಿ ಬಟ್ಟೆ.
- ಹಾಳೆ ಗಾಳಿಗೆ ಹಾರದಂತೆ ಎರಡು ಕ್ಲಿಪ್, ಕುಡಿಯುವ ನೀರು, ಟೊಪ್ಪಿಗೆ.

ರಬ್ಬರನ್ನು ಮನೆಯಲ್ಲೇ ಬಿಟ್ಟು ಹೋಗುವುದು ಉತ್ತಮ. ತಪ್ಪಾದ ಗೆರೆಯ ಪಕ್ಕದಲ್ಲೇ ಸರಿಯಾದ ಗೆರೆ ಎಳೆದರಾಯಿತು. ಎಲ್ಲಿ ತಪ್ಪಿದೆವು ಎಂಬುದು ಕಣ್ಣಿಗೆ ಕಾಣುತ್ತಿದ್ದರೆ ಮುಂದಿನ ಚಿತ್ರಕ್ಕೆ ಅದೇ ಪಾಠ.

ಮೊದಲ ಹತ್ತು ನಿಮಿಷ

ಸ್ಥಳ ತಲುಪಿದೊಡನೆ ಪುಸ್ತಕ ತೆರೆಯುವುದು ಸಾಮಾನ್ಯ ಪ್ರಮಾದ. ಮೊದಲು ಸುತ್ತಲೂ ನಡೆದು ನೋಡಬೇಕು. ಮೈಸೂರಿನ ದೊಡ್ಡ ಗಡಿಯಾರವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗಾಗಿ 1927ರಲ್ಲಿ ನಿರ್ಮಿಸಲಾದ, 75 ಅಡಿ ಎತ್ತರದ ಗೋಪುರವಿದು. ಅದನ್ನು ಒಂಟಿಯಾಗಿ ಬರೆದರೆ ಅಂಚೆಚೀಟಿಯ ಚಿತ್ರವಾದೀತು. ಪಕ್ಕದ ರಂಗಾಚಾರ್ಲು ಪುರಭವನ, ಕೆಳಗಿನ ವಾಹನಗಳ ಸಂದಣಿ, ಬದಿಯ ಮರದ ರೆಂಬೆ ಸೇರಿದಾಗಲೇ ಗೋಪುರದ ಎತ್ತರ ಅನುಭವಕ್ಕೆ ಬರುತ್ತದೆ.

‘ಇಲ್ಲಿ ನನ್ನನ್ನು ನಿಲ್ಲಿಸಿದ್ದು ಯಾವುದು?’ ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿ. ಉತ್ತರವನ್ನು ಒಂದು ವಾಕ್ಯದಲ್ಲಿ ಹಾಳೆಯ ಮೂಲೆಯಲ್ಲಿ ಬರೆದಿಡಿ. ಬಳಿಕ ಬೆಂಕಿಪೆಟ್ಟಿಗೆಯ ಗಾತ್ರದ ಮೂರು ಚೌಕಗಳಲ್ಲಿ ಅದೇ ನೋಟವನ್ನು ಮೂರು ರೀತಿಯಾಗಿ, ತಲಾ ಒಂದೊಂದು ನಿಮಿಷದಲ್ಲಿ, ಗೀಚಿ ನೋಡಿ. ಉದ್ದುದ್ದಕ್ಕೆ ಒಂದು, ಅಡ್ಡಡ್ಡಕ್ಕೆ ಒಂದು, ಹತ್ತಿರದಿಂದ ಒಂದು. ಯಾವುದರಲ್ಲಿ ಆ ಉತ್ತರ ಎದ್ದು ಕಾಣುವುದೋ ಅದನ್ನೇ ಆರಿಸಿಕೊಳ್ಳಿ. ಉಳಿದದ್ದನ್ನು ಬಿಡುವ ಧೈರ್ಯವೇ ಈ ಕಲೆಯ ಅರ್ಧ ಭಾಗ.

ಕಣ್ಣಿನ ಮಟ್ಟದ ರಹಸ್ಯ

ಕಟ್ಟಡಗಳು ಓರೆಯಾಗಿ ಬೀಳುವಂತೆ ಕಾಣಲು, ರಸ್ತೆ ಗೋಡೆಯಂತೆ ಮೇಲೇಳಲು ಕಾರಣ ಒಂದೇ: ಬರೆಯುವವರು ತಮ್ಮ ಕಣ್ಣಿನ ಮಟ್ಟವನ್ನು ಗುರುತಿಸಿಕೊಂಡಿರುವುದಿಲ್ಲ. ಪೆನ್ಸಿಲನ್ನು ಕಣ್ಣಿನ ನೇರಕ್ಕೆ ಅಡ್ಡಲಾಗಿ ಹಿಡಿಯಿರಿ. ಅದು ಎದುರಿನ ಕಟ್ಟಡವನ್ನು ಎಲ್ಲಿ ಹಾದುಹೋಗುತ್ತದೋ ಆ ಎತ್ತರದಲ್ಲಿ ಹಾಳೆಯ ಮೇಲೆ ಒಂದು ತೆಳುಗೆರೆ ಎಳೆಯಿರಿ. ನಿಮ್ಮಿಂದ ದೂರ ಸರಿಯುವ ಬೀದಿಯಲ್ಲಿ, ಈ ಗೆರೆಗಿಂತ ಮೇಲಿರುವ ಸೂರಿನಂಚು, ಸಜ್ಜೆ, ಫಲಕಗಳೆಲ್ಲ ದೂರ ಹೋದಂತೆ ಗೆರೆಯತ್ತ ಇಳಿಯುತ್ತವೆ. ಕೆಳಗಿರುವ ಮೆಟ್ಟಿಲು, ಪಾದಚಾರಿ ಹಾದಿಯಂಚುಗಳು ಗೆರೆಯತ್ತ ಏರುತ್ತವೆ. ಕಟ್ಟಡದ ಮೂಲೆಗೆ ಎದುರಾಗಿ ಕುಳಿತರೆ ಎಡಬದಿಯ ಗೆರೆಗಳು ಎಡಕ್ಕೂ ಬಲಬದಿಯವು ಬಲಕ್ಕೂ ಇದೇ ನಿಯಮದಂತೆ ಸಾಗುತ್ತವೆ.

ಜನರನ್ನು ಬರೆಯಲೂ ಇದೇ ಗೆರೆ ಆಧಾರ. ಸಮತಟ್ಟಾದ ರಸ್ತೆಯಲ್ಲಿ ನೀವು ನಿಂತು ಬರೆಯುತ್ತಿದ್ದರೆ, ನಿಮ್ಮಷ್ಟೇ ಎತ್ತರದವರ ಕಣ್ಣುಗಳೆಲ್ಲ, ಅವರು ಹತ್ತಿರವಿರಲಿ ದೂರವಿರಲಿ, ಆ ಗೆರೆಯ ಮೇಲೆಯೇ ಬರುತ್ತವೆ. ದೂರದವರ ಪಾದಗಳು ಮಾತ್ರ ಮೇಲಕ್ಕೆ ಸರಿಯುತ್ತವೆ. ನೀವು ಸ್ಟೂಲಿನ ಮೇಲೆ ಕುಳಿತಿದ್ದರೆ ಆ ಗೆರೆ ನಿಂತವರ ಸೊಂಟ-ಎದೆಗಳ ನಡುವೆ ಹಾಯುತ್ತದೆ. ಈ ಒಂದು ನಿಯಮ ತಿಳಿದರೆ ಜನಸಂದಣಿ ತೇಲುವಂತೆ ಕಾಣುವ ದೋಷ ತಾನಾಗಿಯೇ ಮಾಯವಾಗುತ್ತದೆ.

ಪೆನ್ಸಿಲ್ಲೇ ಅಳತೆಗೋಲು

ಮೊಣಕೈ ಮಡಿಸದೆ ತೋಳನ್ನು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯಿಂದ ಹೆಬ್ಬೆರಳಿನವರೆಗೆ ಗೋಪುರದ ಅಗಲವನ್ನು ಹಿಡಿಯಿರಿ. ಅದೇ ಅಳತೆ ಎತ್ತರದಲ್ಲಿ ಎಷ್ಟು ಸಲ ಅಡಗುತ್ತದೆ ಎಂದು ಎಣಿಸಿ. ಹಾಳೆಯ ಮೇಲೆ ಗಾತ್ರ ಯಾವುದೇ ಇರಲಿ, ಅನುಪಾತ ಅದೇ ಇರಬೇಕು. ಮೊದಲು ಇಡೀ ಆಕೃತಿಯ ಹೊರಗೆರೆ, ನಂತರ ಮುಖ್ಯ ವಿಭಾಗಗಳು, ಕಟ್ಟಕಡೆಗೆ ಕಿಟಕಿ-ಕಮಾನುಗಳು. ಕಿಟಕಿಯಿಂದ ಆರಂಭಿಸಿದವರಿಗೆ ಗೋಪುರದ ತುದಿಗೆ ಹಾಳೆಯಲ್ಲಿ ಜಾಗವೇ ಉಳಿಯದು.

ಬಿಸಿಲು ಕಾಯುವುದಿಲ್ಲ

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಚಿತ್ರ ಮುಗಿಯುವಷ್ಟರಲ್ಲಿ ನೆರಳುಗಳು ಸ್ಥಳ ಬದಲಿಸಿರುತ್ತವೆ. ಆದ್ದರಿಂದ ಹೊರಗೆರೆ ಸಿದ್ಧವಾದ ಕೂಡಲೇ ನೆರಳಿನ ಅಂಚನ್ನು ತೆಳುವಾಗಿ ಗುರುತಿಸಿಟ್ಟುಕೊಂಡು, ಕೊನೆಯವರೆಗೂ ಅದಕ್ಕೇ ಬದ್ಧರಾಗಬೇಕು. ಕಣ್ಣನ್ನು ಕಿರಿದಾಗಿಸಿ ನೋಡಿದರೆ ಸಣ್ಣ ವಿವರಗಳು ಮಸುಕಾಗಿ ಬೆಳಕು, ಮಧ್ಯಮ, ಕಪ್ಪು ಎಂಬ ಮೂರು ಛಾಯೆಗಳಷ್ಟೇ ಉಳಿಯುತ್ತವೆ. ಆ ಮೂರನ್ನು ಸರಿಯಾಗಿ ಹಂಚಿದ ಚಿತ್ರ ಬಣ್ಣವಿಲ್ಲದೆಯೂ ನಿಲ್ಲುತ್ತದೆ.

ನಮ್ಮ ಅಕ್ಷಾಂಶದಲ್ಲಿ ಏಪ್ರಿಲ್ ಮತ್ತು ಆಗಸ್ಟ್ ತಿಂಗಳ ಉತ್ತರಾರ್ಧದಲ್ಲಿ ನಡುಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಆಗ ಗೋಡೆಗಳು ಚಪ್ಪಟೆಯಾಗಿ ಕಾಣುತ್ತವೆ. ಬೆಳಗಿನ 9 ಗಂಟೆಯೊಳಗೆ ಅಥವಾ ಸಂಜೆ 4ರ ನಂತರ ಓರೆ ಬಿಸಿಲಿನಲ್ಲಿ ಕಂಬ, ಕಮಾನುಗಳ ಉಬ್ಬುತಗ್ಗು ಸ್ಪಷ್ಟವಾಗುತ್ತದೆ.

ಜನ, ಮರ, ನಾಮಫಲಕ

ಮಾರುಕಟ್ಟೆಯಲ್ಲಿ ಯಾರೂ ನಿಮಗಾಗಿ ನಿಲ್ಲುವುದಿಲ್ಲ. ಆದರೆ ಕೆಲಸದಲ್ಲಿ ತೊಡಗಿದವರ ಭಂಗಿ ಮತ್ತೆ ಮತ್ತೆ ಮರಳುತ್ತದೆ. ಹೂ ಕಟ್ಟುವಾಕೆಯ ಕೈ, ಮಾರು ಹಾಕಿ ಅಳೆಯುವ ತೋಳು, ತಕ್ಕಡಿ ಎತ್ತುವ ವ್ಯಾಪಾರಿಯ ಬಾಗು ನಿಮಿಷಕ್ಕೊಮ್ಮೆ ಪುನರಾವರ್ತನೆಯಾಗುತ್ತವೆ. ಮೊದಲ ಸಲ ಬೆನ್ನಿನ ಗೆರೆ, ಎರಡನೆಯ ಸಲ ತೋಳು, ಮೂರನೆಯ ಸಲ ತಲೆ ಎಂದು ಕಂತುಗಳಲ್ಲಿ ಹಿಡಿಯಬಹುದು. ನಿಂತವರ ಎತ್ತರ ಸ್ಥೂಲವಾಗಿ ಅವರ ತಲೆಯ ಏಳೂವರೆ ಪಟ್ಟು. ತಲೆಯನ್ನು ದೊಡ್ಡದಾಗಿಸುವುದು ಬಹುತೇಕ ಎಲ್ಲ ಆರಂಭಿಕರ ದೋಷ.

ಮರವನ್ನು ಎಲೆಯೆಲೆಯಾಗಿ ಬರೆಯಹೋಗಬಾರದು. ಹಸುರಿನ ನಾಲ್ಕೈದು ಗುಂಪುಗಳನ್ನು, ಅವುಗಳ ಅಡಿಯ ನೆರಳನ್ನು ಬರೆದರೆ ಸಾಕು. ಕನ್ನಡ ನಾಮಫಲಕಗಳಿಗೆ ತಮ್ಮದೇ ಆದ ಸಮಸ್ಯೆಯಿದೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಫಲಕದ ತಳಭಾಗದಲ್ಲಿ ಮೊದಲೇ ಜಾಗ ಬಿಟ್ಟಿರಬೇಕು. ಹತ್ತಿರದ ಒಂದು ಫಲಕವನ್ನು ಓದುವಂತೆ ಬರೆದು, ಉಳಿದವನ್ನು ದುಂಡು ಆಕೃತಿಗಳಾಗಿ ಸೂಚಿಸಿದರೆ ಚಿತ್ರಕ್ಕೆ ಊರಿನ ಗುರುತು ದೊರೆಯುತ್ತದೆ.

ಬೀದಿಯ ಮರ್ಯಾದೆ

ಅಂಗಡಿಯ ಬಾಗಿಲಿಗೆ, ನಡೆದಾಡುವವರ ದಾರಿಗೆ ಅಡ್ಡಿಯಾಗಿ ಕೂರಬಾರದು. ವ್ಯಾಪಾರಿಯನ್ನು ಹತ್ತಿರದಿಂದ ಬರೆಯುವ ಮುನ್ನ ‘ಅಣ್ಣಾ, ಇಲ್ಲಿ ಕೂತು ಚಿತ್ರ ಬರೀಲಾ?’ ಎಂದು ಒಂದು ಮಾತು ಕೇಳುವುದು ಸೌಜನ್ಯ. ಬೇಡವೆಂದರೆ ಬೇರೆ ನೋಟ ಹುಡುಕಬೇಕು. ಮುಗಿದ ಮೇಲೆ ಅವರಿಗೆ ತೋರಿಸಿ. ಆ ಜಾಗದಲ್ಲಿ ಹಿಂದೆ ಏನಿತ್ತು, ಯಾವ ಬಾಗಿಲು ಮುಚ್ಚಿತು ಎಂಬ ಮಾಹಿತಿ ಎಷ್ಟೋ ಸಲ ಆಗಲೇ ದೊರೆಯುವುದು. ಭದ್ರತೆಯಿರುವ ಸರ್ಕಾರಿ ಆವರಣಗಳಲ್ಲಿ ಕಾವಲು ಸಿಬ್ಬಂದಿಯ ಅನುಮತಿ ಪಡೆಯುವುದು ಕ್ಷೇಮ. ಜೀರ್ಣವಾದ ಕಟ್ಟಡಗಳನ್ನು ಬರೆಯುವವರು ಅವುಗಳ ಸಜ್ಜೆ, ಸೂರಿನ ಕೆಳಗೆ ಕೂರದೆ ರಸ್ತೆಯ ಆಚೆಬದಿಯಿಂದಲೇ ಬರೆಯಬೇಕು.

ನಾಲ್ಕು ವಾರಗಳ ಅಭ್ಯಾಸ

1. ಮೊದಲ ವಾರ: ದಿನಕ್ಕೆ 20 ನಿಮಿಷ. ಮನೆಯ ಕಿಟಕಿ, ಬಸ್ ನಿಲ್ದಾಣ, ಹೋಟೆಲಿನ ಮೇಜು ಎಲ್ಲಿಯಾದರೂ ಸರಿ. ಹೊರಗೆರೆ ಮತ್ತು ಕಣ್ಣಿನ ಮಟ್ಟ ಮಾತ್ರ.
2. ಎರಡನೆಯ ವಾರ: ಮೂರು ಛಾಯೆಗಳಲ್ಲಿ ಚಿಕ್ಕ ಚಿತ್ರಗಳು. ಬಣ್ಣ ಬೇಡ.
3. ಮೂರನೆಯ ವಾರ: ಜನರ ಭಂಗಿಗಳು, ಒಂದೊಂದಕ್ಕೆ 30 ಸೆಕೆಂಡು. ಹಾಳೆ ತುಂಬುವವರೆಗೆ.
4. ನಾಲ್ಕನೆಯ ವಾರ: ಒಂದೇ ಸ್ಥಳಕ್ಕೆ ಮೂರು ಸಲ, ಬೇರೆ ಬೇರೆ ಹೊತ್ತಿನಲ್ಲಿ ಹೋಗಿ ಪೂರ್ಣ ಚಿತ್ರ. ಮೂರನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಪ್ರಗತಿ ತಾನೇ ಮಾತಾಡುತ್ತದೆ.

ಸಾಧ್ಯವಿದ್ದರೆ ಸ್ನೇಹಿತರೊಡನೆ ಹೋಗಿ ಒಂದೇ ನೋಟವನ್ನು ಎಲ್ಲರೂ ಬರೆಯುವುದು ಲಾಭಕರ. ತಾನು ಕಾಣದೇ ಹೋದದ್ದನ್ನು ಪಕ್ಕದವರು ಹೇಗೆ ಕಂಡರು ಎಂಬುದು ಆಗ ತಿಳಿಯುತ್ತದೆ.

ದಿನಾಂಕ ಮರೆಯಬೇಡಿ

ಚಿತ್ರದ ಕೆಳಗೆ ಸ್ಥಳ, ದಿನಾಂಕ, ಸಮಯ, ಯಾವ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದೀರಿ ಎಂಬ ನಾಲ್ಕು ವಿವರಗಳನ್ನು ತಪ್ಪದೆ ಬರೆಯಬೇಕು. ಮರ, ಕಂಬ ಇತ್ಯಾದಿಗಳನ್ನು ಬೇಕೆಂದೇ ಬಿಟ್ಟಿದ್ದರೆ ಅದನ್ನೂ ನಮೂದಿಸಬೇಕು. ಮುಂದೊಂದು ದಿನ ಆ ಮೂಲೆಯ ಸಜ್ಜೆಗೆ ಎಷ್ಟು ಕಮಾನುಗಳಿದ್ದವು, ಹೆಬ್ಬಾಗಿಲ ಮುಂದೆ ಯಾವ ಅಂಗಡಿಯಿತ್ತು ಎಂದು ಹುಡುಕುವವರಿಗೆ ಈ ವಿವರಗಳೇ ಚಿತ್ರವನ್ನು ನಂಬಲು ಆಧಾರ.

ನಮ್ಮ ರಾಜ್ಯದ ಪ್ರತಿ ಊರಿನಲ್ಲೂ ಒಂದು ಹಳೆಯ ಪೇಟೆ, ಒಂದು ಗಡಿಯಾರದ ಗೋಪುರ, ಒಂದು ಜಗಲಿಯ ಸಾಲು ಇದ್ದೇ ಇರುತ್ತದೆ. ಅವುಗಳಲ್ಲಿ ಮುಂದಿನ ಮಳೆಗಾಲವನ್ನು ದಾಟಲಾರದಂತೆ ಕಾಣುವ ಒಂದನ್ನು ಆರಿಸಿಕೊಂಡು ಈ ಭಾನುವಾರದ ಬೆಳಗ್ಗೆಯೇ ಆರಂಭಿಸಬಹುದು. ಮೊದಲ ಚಿತ್ರ ಸುಂದರವಾಗದಿದ್ದರೂ ಚಿಂತೆಯಿಲ್ಲ, ಎಣಿಕೆ ಮತ್ತು ಅನುಪಾತ ಸರಿಯಾಗಿದ್ದರೆ ಅದು ಊರಿಗೆ ಉಪಯೋಗವಾದೀತು.