ಬೈಪಾಸ್‌ಗೆ ಮುನ್ನ ಆಕ್ಸಿಜನ್ ಚೇಂಬರ್‌ನಲ್ಲಿ ಕೂತರೆ ಹೃದಯಕ್ಕೆ ರಕ್ಷಣೆ ಸಿಗುತ್ತದೆಯೇ?

ಸಾರಾಂಶ
ಹೃದಯದ ಆಪರೇಷನ್‌ಗೆ ಮುಂಚೆ ಹೈಪರ್‌ಬೇರಿಕ್ ಆಕ್ಸಿಜನ್ ತೆಗೆದುಕೊಂಡರೆ ಹೃದಯಕ್ಕೆ ಅಪಾಯವೇ ಇರುವುದಿಲ್ಲ ಎಂಬಂಥ ಸಂದೇಶ ನಿಮಗೂ ಬಂದಿರಬಹುದು. ನಾವು ಪರಿಶೀಲಿಸಿದಾಗ ಕಂಡಿದ್ದು: ಇದು ಅರ್ಧ ಸತ್ಯ.

ಏನಿದು ಚಿಕಿತ್ಸೆ?
ಮುಚ್ಚಿದ ಚೇಂಬರ್‌ನಲ್ಲಿ ಗಾಳಿಯ ಒತ್ತಡವನ್ನು ಸಾಮಾನ್ಯವಾಗಿ 2ರಿಂದ 3 ಪಟ್ಟು ಹೆಚ್ಚಿಸಿ, ರೋಗಿಗೆ ಶುದ್ಧ ಆಮ್ಲಜನಕ ಉಸಿರಾಡಲು ಕೊಡುತ್ತಾರೆ. ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊತ್ತೊಯ್ಯುವುದು ಮುಖ್ಯವಾಗಿ ಹಿಮೋಗ್ಲೋಬಿನ್. ಒತ್ತಡ ಹೆಚ್ಚಾದಾಗ, ಸೋಡಾ ಬಾಟಲಿಯಲ್ಲಿ ಗ್ಯಾಸ್ ಕರಗಿರುವಂತೆ, ರಕ್ತದ ದ್ರವಭಾಗವಾದ ಪ್ಲಾಸ್ಮಾದಲ್ಲೂ ಹೆಚ್ಚು ಆಮ್ಲಜನಕ ಕರಗುತ್ತದೆ.

ಹೃದಯಕ್ಕೂ ಇದಕ್ಕೂ ಏನು ಸಂಬಂಧ?
1950ರ ದಶಕದ ಕೊನೆಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಶಸ್ತ್ರಚಿಕಿತ್ಸಕ ಈಟೆ ಬೂರೆಮಾ ಒತ್ತಡದ ಕೋಣೆಯಲ್ಲೇ ಹೃದಯದ ಆಪರೇಷನ್ ಮಾಡುವ ದಾರಿ ಹುಡುಕಿದರು. ಹಾರ್ಟ್-ಲಂಗ್ ಯಂತ್ರ ಸುಧಾರಿಸಿದ ಮೇಲೆ ಅದರ ಅಗತ್ಯ ಉಳಿಯಲಿಲ್ಲ.

ಈಗಿನ ವಿಚಾರ ಬೇರೆ. ಬೈಪಾಸ್ ವೇಳೆ ಹೃದಯವನ್ನು ನಿಲ್ಲಿಸಿದಾಗ ಅದರ ಸ್ನಾಯುಗಳಿಗೆ ರಕ್ತ ಹೋಗುವುದಿಲ್ಲ. ರಕ್ತ ಮತ್ತೆ ಹರಿದಾಗಲೂ ಜೀವಕೋಶಗಳಿಗೆ ಒಂದಿಷ್ಟು ಹಾನಿಯಾಗುತ್ತದೆ. ಮೊದಲೇ ಹೆಚ್ಚು ಆಮ್ಲಜನಕ ಕೊಟ್ಟು ಜೀವಕೋಶಗಳನ್ನು ಈ ಪೆಟ್ಟಿಗೆ ಸಜ್ಜುಗೊಳಿಸಬಹುದೇ ಎಂಬುದು ಸಂಶೋಧಕರ ಪ್ರಶ್ನೆ.

ಸಾಕ್ಷ್ಯ ಏನಿದೆ?
2010ರಲ್ಲಿ ಪ್ರಕಟವಾದ ಬ್ರಿಟನ್‌ನ ಅಧ್ಯಯನವೊಂದರಲ್ಲಿ 81 ಬೈಪಾಸ್ ರೋಗಿಗಳಿದ್ದರು. ಕೆಲವರಿಗೆ ಆಪರೇಷನ್‌ಗೆ ಮುನ್ನ 30 ನಿಮಿಷದಂತೆ ಎರಡು ಬಾರಿ ಈ ಚಿಕಿತ್ಸೆ ಕೊಡಲಾಯಿತು. ಅವರ ಹೃದಯ ನಂತರ ಚೆನ್ನಾಗಿ ಕೆಲಸ ಮಾಡಿತು, ಐಸಿಯು ವಾಸವೂ ಕಡಿಮೆಯಾಯಿತು. ಇದು ಭರವಸೆಯ ಫಲಿತಾಂಶವೇ. ಆದರೆ ಜೀವ ಉಳಿಯುತ್ತದೆಯೇ ಎಂದು ಹೇಳಲು 81 ಜನ ಸಾಲದು.

ಅಪಾಯಗಳಿಲ್ಲವೇ?
ಇವೆ. ಒತ್ತಡದಿಂದ ಕಿವಿಗೆ, ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಅಪರೂಪಕ್ಕೆ ಫಿಟ್ಸ್ ಬರಬಹುದು. ಹೃದಯ ಬಹಳ ದುರ್ಬಲವಾಗಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬುವ ಸಾಧ್ಯತೆಯೂ ಇದೆ. ಡೈವಿಂಗ್ ಮಾಡುವವರಿಗೆ ಬರುವ ಒತ್ತಡದ ಕಾಯಿಲೆ, ಕಾರ್ಬನ್ ಮಾನಾಕ್ಸೈಡ್ ವಿಷಬಾಧೆ, ಮಧುಮೇಹಿಗಳ ಕೆಲವು ಗಾಯಗಳಿಗೆ ಇದು ಒಪ್ಪಿತ ಚಿಕಿತ್ಸೆ. ಆದರೆ ಹೃದ್ರೋಗಕ್ಕೆ ಇದು ಕೆಲಸ ಮಾಡುತ್ತದೆ ಎಂಬ ಪ್ರಚಾರವನ್ನು ನಂಬಬೇಡಿ ಎಂದು ಅಮೆರಿಕದ ಎಫ್‌ಡಿಎ 2013ರಲ್ಲೇ ಎಚ್ಚರಿಸಿತ್ತು.

ತೀರ್ಪು: ಅರ್ಧ ಸತ್ಯ
ಸಂಶೋಧನೆ ನಡೆದಿರುವುದು ನಿಜ, ಖಚಿತ ರಕ್ಷಣೆ ಎಂಬುದು ನಿಜವಲ್ಲ. ಮನೆಯಲ್ಲಿ ಯಾರಿಗಾದರೂ ಬೈಪಾಸ್ ದಿನ ನಿಗದಿಯಾಗಿದ್ದರೆ, ಫಾರ್ವರ್ಡ್ ನಂಬಿ ಅದನ್ನು ಮುಂದೂಡಬೇಡಿ. ತಡವಾದರೆ ಹೃದಯಾಘಾತದ ಅಪಾಯ ಹೆಚ್ಚಬಹುದು. ಚೇಂಬರ್‌ಗೆ ದುಡ್ಡು ಕಟ್ಟುವ ಮೊದಲು ಆಪರೇಷನ್ ಮಾಡುವ ವೈದ್ಯರನ್ನೇ ಕೇಳಿ.